ನಾನೂರ ನಲವತ್ತನಾಲ್ಕು

ದೀಪ ಹದಕ್ಕೆ ಬರಲು ಅರ್ಧ ಗಂಟೆ ಬೇಕು.
ಊರ ಮಗ್ಗುಲಲ್ಲೇ ಶಕ್ತಿನಗರದ ಚಿಮಣಿಗಳು,
ಆದರೂ ನಮ್ಮ ಕಾಲೇಜಿನ ಕರೆಂಟು ಕುಂಟುತ್ತದೆ,
ಸ್ಟೆಬಿಲೈಸರ್ ಮೂಲೆಯಲ್ಲಿ ಗೊಣಗುತ್ತದೆ.
ಅಷ್ಟರಲ್ಲಿ ಕರಿ ಪರದೆ ಎಳೆದು
ಕಲ್ಲಿನಲ್ಲಿ ಮಾತ್ರೆ ಅರೆಯುತ್ತೇನೆ.
ರಾಯಚೂರಿನ ಏಪ್ರಿಲ್ ಬಿಸಿಲು
ಪರದೆಯ ತೂತಿಗೆ ಕಣ್ಣಿಟ್ಟು ನಿಂತಿದೆ,
ಒಳಗೆ ಕರೆಯದ ಬೀಗನ ಹಾಗೆ.

ಬಿ-ಟೂ. ಹಳದಿ.
ಅರಿಶಿನದ್ದಲ್ಲ, ಚೆಂಡುಹೂವಿನದ್ದಲ್ಲ,
ಗುಳಿಗೆ ನುಂಗಿದ ಮರುದಿನ
ಬಚ್ಚಲಲ್ಲಿ ಕಂಡು ಬೆಚ್ಚುತ್ತೀರಲ್ಲ, ಆ ಹಳದಿ.
ಬೆಳಕು ಬಿದ್ದರೆ ಸಾಯುತ್ತದೆ.
ಅಳೆಯಬೇಕಾದರೋ ಬೆಳಕಿನಿಂದಲೇ.
ಅದಕ್ಕೇ ಕಂದು ಫ್ಲಾಸ್ಕು, ಅವಸರದ ಕೈ.

ಖಾಜಾಬಿ ಹದಿನೇಳು ವರ್ಷದಿಂದ ಇಲ್ಲಿ ಗಾಜು ತೊಳೆಯುತ್ತಾಳೆ.
ಕ್ಯುವೆಟ್ಟಿನ ಮಸುಕು ಮೈ ಹಿಡಿ, ತಿಳಿ ಮೈ ಮುಟ್ಟಬೇಡ
ಎಂದು ನನಗೆ ಕಲಿಸಿದ್ದು ಅವಳು, ಪ್ರೊಫೆಸರಲ್ಲ.
ಬುಧವಾರ ಸೆರಗಿನ ಗಂಟು ಬಿಚ್ಚಿ
ಆರು ಗುಳಿಗೆ, ಒಂದು ಖಾಲಿ ಪಟ್ಟಿ ಮೇಜಿನ ಮೇಲಿಟ್ಟಳು.
"ಬಾಯಾಗ ಹುಣ್ಣಂತ ನಾಕು ತಿಂಗಳಿಂದ ನುಂಗಾಕತ್ತೀನ್ರಿ.
ಇವನ್ನೂ ಒಮ್ಮಿ ನಿಮ್ಮ ಪೆಟಗಿಗೆ ತೋರಸ್ರಿ,
ಖರೇನೋ ಸುಳ್ಳೋ ಹೇಳಲಿ."
ಅಂಗೈ ಹುಣ್ಣಿಗೆ ಕನ್ನಡಿ ಬೇಡ;
ಬಾಯಿಯದಕ್ಕೆ ಬೇಕು.
ತುಟಿ ಮಡಚಿ ತೋರಿಸಿದಳು, ಎರಡು, ಬಿಳಿ.

ನಿಯಮದ ಪ್ರಕಾರ ಇಪ್ಪತ್ತು ಮಾತ್ರೆ ಬೇಕು.
ಆರರಲ್ಲೇ ತೂಗಿದೆ, ಪುಡಿ ಮಾಡಿದೆ, ಕರಗಿಸಿದೆ, ಸೋಸಿದೆ.
ಮೊದಲು ಏನೂ ಇಲ್ಲದ ನೀರನ್ನು ಯಂತ್ರಕ್ಕೆ ತೋರಿಸಿ
ಇದು ಸೊನ್ನೆ, ಇಲ್ಲದ್ದು ಹೀಗಿರುತ್ತದೆ, ನೆನಪಿಟ್ಟುಕೋ ಅಂದೆ.
ಆಮೇಲೆ ತೀನ್ ಕಂದೀಲಿನ ಅಂಗಡಿಯಿಂದ
ಅದೇ ಕಂಪನಿ, ಅದೇ ಬ್ಯಾಚು, ಪಟ್ಟಿಯಿಂದ ಆಗಷ್ಟೇ ಬಿಡಿಸಿದ್ದು:
ಸೊನ್ನೆ ಪಾಯಿಂಟ್ ಮೂರು ಎರಡು.
ಆಮೇಲೆ ಖಾಜಾಬಿಯದ್ದು:
ಸೊನ್ನೆ ಪಾಯಿಂಟ್ ಎರಡು ಮೂರು.

ಅಂಕಿ ತಿರುವು ಮುರುವು ಬರೆದೆನೇನೋ ಎಂದು
ಕನ್ನಡಕ ಒರೆಸಿದೆ. ಕ್ಯುವೆಟ್ಟು ತೊಳೆದೆ.
ಮತ್ತೆ ಇಟ್ಟೆ. ಎರಡು ಮೂರು.
ಮೂರನೇ ಸಲವೂ.

"ಎಲ್ಲಿಡ್ತಿ ಇವನ್ನ?"
"ಬೆರಳ ಸಂದು ನೋಯ್ತಾವಂತ ಅಳಿಯ
ಒಂದೇ ಸಲಕ್ಕ ಎಲ್ಲಾ ಒತ್ತಿ ತೆಗದು
ಗಾಜಿನ ಸೀಸೇದಾಗ ಹಾಕಿ ಕೊಟ್ಟಾನ್ರಿ.
ಕಿಟಕ್ಯಾಗ ಇಟ್ಟೀನಿ, ಕಣ್ಣಿಗೆ ಬಿದ್ರ ಮರಿಯಂಗಿಲ್ಲ."
ಮೂಡಣ ಕಿಟಕಿ. ನಾಲ್ಕು ತಿಂಗಳು.
ದಿನಾ ಬೆಳಿಗ್ಗೆ ಸೂರ್ಯ ಬಂದು
ಸೀಸೆಯ ಹೊರಗೆ ನಿಂತು ಉಂಡು ಹೋಗಿದ್ದಾನೆ.

ಇದನ್ನು ಅವಳಿಗೆ ಹೇಳಿದಾಗ
ತುಸು ಹೊತ್ತು ಪರದೆಯ ಕಡೆ ನೋಡಿದಳು.
"ಹಂಗಾರ ಗುಳಿಗಿ ಸುಳ್ಳಲ್ಲ, ನನ್ನ ಕಿಟಕಿ ಸುಳ್ಳು.
ಪಾಪ, ಬಿಸಿಲಿಗೂ ಬಾಯಿ ಹುಣ್ಣಾಗಿತ್ತೇನೋ."
ನಾನು ನಗುವುದರೊಳಗೆ
ನಲ್ಲಿ ತಿರುಗಿಸಿ ಬೀಕರುಗಳ ಮುಂದೆ ನಿಂತಿದ್ದಳು.
ತೊಟ್ಟಿಯಲ್ಲಿ ಹಳದಿ ನೀರು ಸುತ್ತಿ ಸುತ್ತಿ ಇಳಿಯಿತು.

ವರದಿಯ ನಮೂನೆಯಲ್ಲಿ ಕಿಟಕಿಗೆ ಕಾಲಮ್ಮಿಲ್ಲ.
ಶೇಕಡಾ ಎಪ್ಪತ್ತೆರಡು ಎಂದು ಹಾಳೆಯ ಅಂಚಿನಲ್ಲಿ ಬರೆದೆ,
ಪೆನ್ಸಿಲ್ಲಿನಲ್ಲಿ.

ಸಂಜೆ ಒಂದು ಕಂದು ಬಾಟಲಿ, ಬಿರಡೆ ಸಮೇತ,
ಅವಳ ಚೀಲದಲ್ಲಿಟ್ಟೆ.
ಎರಡನೇ ದಶಮಾಂಶದವರೆಗೂ ನಿಜ ಹೇಳುವ ಕೈ
ಸ್ಟಾಕ್ ಪುಸ್ತಕ ತೆಗೆದು "ಒಡೆದಿದೆ, ಒಂದು" ಎಂದು ಬರೆಯಿತು.
ಬಾಗಿಲಲ್ಲಿ ನಿಂತೇ ಓದಿಸಿಕೊಂಡಳು ಖಾಜಾಬಿ.
"ಹದಿನೇಳು ವರ್ಷದಾಗ ಒಂದರ ಒಡದೀನೇನ್ರಿ ನಾನು?"

ಮತ್ತೆ ಪೆನ್ನು ತೆಗೆದೆ.
"ನನ್ನ ಕೈ ಜಾರಿ" ಎಂದು ಸೇರಿಸಿ
ಸಹಿ ಹಾಕಿದೆ.